ಸ್ಟಾಕ್‌ಹೋಮ್‌ನಿಂದ ಹೆಲ್ಸಿಂಕಿಗೆ, ಬೈಕ್ ಸಮೇತ ಒಂದು ರಾತ್ರಿ

ಸಿಗಂದೂರು ಲಾಂಚಿನಲ್ಲಿ ಬೈಕಿನ ಮೇಲೆ ಕೂತೇ ಶರಾವತಿ ಹಿನ್ನೀರು ದಾಟಿದವನು ನಾನು. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ಆಯ್ತು, ಆ ಸುಖ ಮುಗಿಯಿತು ಬಿಡಿ. ಹಡಗಿಗೆ ಬೈಕ್ ಹತ್ತಿಸುವುದು ಅಂದರೆ ನನ್ನ ತಲೆಯಲ್ಲಿದ್ದದ್ದು ಅದೇ ಚಿತ್ರ. ಇಲ್ಲಿ ಹಾಗಲ್ಲ. ಬೈಕ್ ಕೆಳಗೆ, ನೀವು ಮೇಲೆ, ನಡುವೆ ಬೆಳಗಿನ ತನಕ ಮುಚ್ಚಿದ ಬಾಗಿಲು.

ಈ ದಾರಿಯಲ್ಲಿ ವೈಕಿಂಗ್ ಲೈನ್, ಟ್ಯಾಲಿಂಕ್ ಸಿಲ್ಯಾ ಎರಡೂ ಕಂಪನಿಗಳು ಹಡಗು ಓಡಿಸುತ್ತವೆ. ಸಂಜೆ ಐದರ ಆಸುಪಾಸು ಹೊರಟು ಮರುದಿನ ಬೆಳಿಗ್ಗೆ ಹತ್ತು, ಹತ್ತೂವರೆಗೆ ತಲುಪುತ್ತವೆ. ಫಿನ್ಲೆಂಡ್ ಗಡಿಯಾರ ಒಂದು ಗಂಟೆ ಮುಂದೆ, ಹಾಗಾಗಿ ಒಂದು ಗಂಟೆ ನಿದ್ದೆ ಸುಮ್ನೆ ಹೋಗುತ್ತದೆ. ನೆಲದ ಮೇಲೇ ಹೋಗ್ತೀನಿ ಅಂತ ಹಟ ಹಿಡಿದರೆ ಸ್ವೀಡನ್, ಫಿನ್ಲೆಂಡ್ ನಡುವಿನ ಬೋತ್ನಿಯಾ ಕೊಲ್ಲಿ ಸುತ್ತಿ, ಉತ್ತರದ ಹಾಪರಾಂಡಾ ತನಕ ಏರಿ, ಮತ್ತೆ ದಕ್ಷಿಣಕ್ಕೆ ಇಳಿಯಬೇಕು. 1,700 ಕಿ.ಮೀ. ದಾಟುತ್ತದೆ. ಒಮ್ಮೆ ಅದನ್ನೂ ಮಾಡುವ ಆಸೆಯಿದೆ, ಆದರೆ ನಾಲ್ಕು ದಿನದ ರಜೆಯಲ್ಲಿ ಅಲ್ಲ.

ಬೈಕಿನ ವಿಷಯವೇ ಮೊದಲು ಹೇಳುತ್ತೇನೆ. ಹಡಗಿನ ಇಳಿಜಾರು, ಒಳಗಿನ ನೆಲ ಎಲ್ಲಾ ಪೇಂಟ್ ಬಳಿದ ಕಬ್ಬಿಣ. ಅವತ್ತು ಮಳೆ ಬಂದಿತ್ತು, ನನ್ನ ಹಿಂದಿನ ಟೈರು ಒಂದು ಸಲ ಜಾರಿ ಎದೆ ಧಸಕ್ಕೆಂದಿತು. ಫಸ್ಟ್ ಗೇರಿನಲ್ಲಿ ನಿಧಾನವಾಗಿ ಏರಿ, ಮುಂದಿನ ಬ್ರೇಕ್ ಮುಟ್ಟಲೇಬೇಡಿ. ಒಳಗೆ ಸಿಬ್ಬಂದಿ ಜಾಗ ತೋರಿಸಿ, ಬೆಲ್ಟಿನ ರಾಶಿ ತೋರಿಸಿ, ಮುಂದಿನವರ ಕಡೆ ಹೋದರು. ಕಟ್ಟುವುದು ನಮ್ಮ ಕೆಲಸ ಅಂತ ಆಗಲೇ ಗೊತ್ತಾದದ್ದು! ಆ ಬೆಲ್ಟಿಗೆ ಹಲ್ಲಿನ ಚಕ್ರ ಇರುವ ಹಿಡಿ ಇರುತ್ತದೆ, ಟಕಟಕ ಅಂತ ಎಳೆದರೆ ಬಿಗಿಯಾಗುತ್ತದೆ. ಬಿಚ್ಚುವುದು ಹೇಗೆ ಅನ್ನುವುದನ್ನು ಮನೆಯಲ್ಲೇ ಒಂದು ಬೆಲ್ಟ್ ಇಟ್ಟುಕೊಂಡು ಕಲಿತು ಹೋಗಿ, ಯಾಕೆ ಅಂತ ಕೊನೆಗೆ ಹೇಳ್ತೀನಿ. ಸೈಡ್ ಸ್ಟ್ಯಾಂಡ್ ಹಾಕಿ, ಗೇರಿನಲ್ಲಿ ಬಿಟ್ಟು, ಸೀಟಿನ ಮೇಲೆ ಹಳೇ ಟವೆಲ್ ಹಾಸಿ, ಅದರ ಮೇಲಿಂದ ಬೆಲ್ಟ್ ಎಳೆದು ಸಸ್ಪೆನ್ಷನ್ ಸ್ವಲ್ಪ ಕುಗ್ಗುವಷ್ಟು ಬಿಗಿ ಮಾಡಿದರೆ ಸಾಕು. ಸೆಂಟರ್ ಸ್ಟ್ಯಾಂಡ್ ಬೇಡ, ಹಡಗು ಹೊಯ್ದಾಡಿದರೆ ಬೈಕ್ ಮುಂದಕ್ಕೆ ಉರುಳಿ ಸ್ಟ್ಯಾಂಡಿನಿಂದ ಇಳಿದುಬಿಡಬಹುದು. ಅಲಾರಂ ಇದ್ದರೆ ಆಫ್ ಮಾಡಿ.

ಆಮೇಲೆ ನಾನು ಮಾಡಿದ ದಡ್ಡತನ. ಹೆಲ್ಮೆಟ್, ಜಾಕೆಟ್ ಹೊತ್ತುಕೊಂಡು ಮೇಲೆ ಹೋದೆ, ಚಾರ್ಜರ್, ಹಲ್ಲುಜ್ಜುವ ಬ್ರಷ್, ಬದಲಿ ಬಟ್ಟೆ ಎಲ್ಲಾ ಬೈಕಿನ ಪೆಟ್ಟಿಗೆಯಲ್ಲೇ ಉಳಿಯಿತು. ನೆನಪಾಗುವಷ್ಟರಲ್ಲಿ ವಾಹನಗಳ ಮಹಡಿಗೆ ಬೀಗ ಬಿದ್ದಿತ್ತು. ರಾತ್ರಿಗೆ ಬೇಕಾದದ್ದನ್ನು ಒಂದು ಸಣ್ಣ ಚೀಲಕ್ಕೆ ಮೊದಲೇ ಹಾಕಿಟ್ಟುಕೊಳ್ಳಿ ಮಾರಾಯ್ರೆ.

ಹಡಗಿನ ಮೇಲ್ಭಾಗ ಒಂದು ತೇಲುವ ಜಾತ್ರೆ. ಐರೋಪ್ಯ ಒಕ್ಕೂಟದ ಒಳಗಿನ ಪ್ರಯಾಣಕ್ಕೆ ತೆರಿಗೆ ಇಲ್ಲದ ಮಾರಾಟ 1999ರಲ್ಲೇ ನಿಂತಿತು, ಆದರೆ ನಡುವಿನ ಆಲಂಡ್ ದ್ವೀಪಗಳು ಆ ತೆರಿಗೆ ವ್ಯವಸ್ಥೆಯ ಹೊರಗಿವೆ. ಅದಕ್ಕೇ ಹಡಗು ನಡುರಾತ್ರಿ ಅಲ್ಲಿ ಕೆಲವೇ ನಿಮಿಷ ನಿಂತು ಹೊರಡುತ್ತದೆ. ಅಷ್ಟು ಸಾಕು, ಅಂಗಡಿಯಲ್ಲಿ ಎಣ್ಣೆ ಅಗ್ಗ! ಹೆಲ್ಸಿಂಕಿ ನೋಡುವ ಗೋಜಿಗೇ ಹೋಗದೆ ಇದಕ್ಕೋಸ್ಕರವೇ ಹೋಗಿ ಬರುವವರೂ ಇದ್ದಾರೆ. ಕರೋಕೆ ಹಾಡುವವರ ಉತ್ಸಾಹಕ್ಕೆ ಮಿತಿ ಇಲ್ಲ. ಇಯರ್‌ಪ್ಲಗ್ ತೊಗೊಂಡು ಹೋಗಿ. ವಾಹನಗಳ ಮಹಡಿಗಿಂತ ಕೆಳಗಿನ, ಕಿಟಕಿ ಇಲ್ಲದ ಅಗ್ಗದ ಕ್ಯಾಬಿನ್‌ನಲ್ಲಿ ಮಲಗಿದೆ. ಎಂಜಿನ್ನಿನ ಗುರ್ ಸದ್ದಿಗೆ ನನಗೆ ನಿದ್ದೆ ಚೆನ್ನಾಗಿಯೇ ಬಂತು, ಮುಚ್ಚಿದ ಜಾಗ ಆಗದವರಿಗೆ ಬೇಡ.

ಊಟ ಬಫೆ. ಹೆರಿಂಗ್ ಮೀನು, ನಮ್ಮ ಬೂತಾಯಿಯ ದೂರದ ನೆಂಟ, ಸಕ್ಕರೆ, ವಿನೆಗರ್‌ನಲ್ಲಿ ನೆನೆಸಿ ಐದಾರು ಬಗೆ ಇಟ್ಟಿದ್ದರು. ಸಿಹಿ ಮೀನು ನನ್ನ ನಾಲಿಗೆಗೆ ಹಿಡಿಸಲಿಲ್ಲ. ಸಸ್ಯಾಹಾರಿಗಳು ಆಲೂಗಡ್ಡೆ, ಬೀಟ್‌ರೂಟ್, ರೈ ಬ್ರೆಡ್ಡಿನಲ್ಲಿ ಹೊಟ್ಟೆ ತುಂಬಿಸಬಹುದು, ಒಂದು ಉಪ್ಪಿನಕಾಯಿ ಪ್ಯಾಕೆಟ್ ಜೇಬಿನಲ್ಲಿದ್ದರೆ ಇನ್ನೂ ವಾಸಿ.

ಆದರೆ ಊಟಕ್ಕೆ ಬೇಗ ಕೂರಬೇಡಿ. ಸ್ಟಾಕ್‌ಹೋಮ್ ಬಿಟ್ಟ ಮೇಲೆ ಮೂರು ಗಂಟೆಗೂ ಜಾಸ್ತಿ ಹೊತ್ತು ಹಡಗು ದ್ವೀಪಗಳ ನಡುವೆಯೇ ನುಸುಳುತ್ತದೆ. ಕೆಂಪು ಮರದ ಮನೆಗಳು, ಒಂದೊಂದು ಮನೆಗೂ ಒಂದು ದೋಣಿಗಟ್ಟೆ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತಕ್ಕೆ. ತೆರೆದ ಮಹಡಿಯಲ್ಲಿ ಗಾಳಿ ಜೋರು, ಬೈಕ್ ಜಾಕೆಟ್ ಅಲ್ಲಿ ಕೆಲಸಕ್ಕೆ ಬಂತು.

ಬೆಳಿಗ್ಗೆ ಕೆಳಗಿಳಿದರೆ ಬೈಕ್ ಇಟ್ಟ ಹಾಗೇ ಇತ್ತು, ಒಂದು ಗೀರೂ ಇಲ್ಲ. ಆದರೆ ಬೆಲ್ಟ್ ಬಿಚ್ಚಲು ಬರಬೇಕಲ್ಲ! ಹಿಂದೆ ಕಾರುಗಳು ಎಂಜಿನ್ ಶುರು ಮಾಡಿವೆ, ಹೊಗೆ, ಹೆಲ್ಮೆಟ್ ಒಳಗೆ ಬೆವರು. ಪಕ್ಕದ ಬೈಕಿನ ಅಜ್ಜಿ, ಎಪ್ಪತ್ತರ ಆಸುಪಾಸು ಇರಬೇಕು, ಒಂದು ಮಾತೂ ಆಡದೆ ಬಂದು ಹಿಡಿಯ ಒಳಗಿನ ನಾಲಿಗೆ ಎಳೆದು ಹಿಡಿಯನ್ನು ಪೂರ್ತಿ ಚಪ್ಪಟೆಯಾಗಿ ತೆರೆದರು. ಟಪ್ ಅಂತ ಬಿಚ್ಚಿಕೊಂಡಿತು. ನಾನು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಅವರು ಗೇಟ್ ದಾಟಿದ್ದರು.