ನಾಯಿಗಿ ಹೊಲಿಗಿ ಇಲ್ದ ಹಾಸಿಗಿ: ಫ್ಲೀಸ್ ಗಂಟು, ಫ್ಲೀಸ್ ಕುಣಿಕಿ, ಇಲ್ಲಾ ಹಳೇ ಕೌದಿ?

ಬೀದರ್‌ದಾಗ ಡಿಸೆಂಬರ್ ಬಂತಂದ್ರ ರಾತ್ರಿ ಥಂಡಿ 10 ಡಿಗ್ರಿ ಹತ್ರ ಇಳೀತದ, ಶಹಾಬಾದ್ ಫರಸಿ ಮ್ಯಾಲ ನಮಗೇ ಬರಿಗಾಲ ಇಡ್ಲಿಕ್ಕ ಆಗಲ್ಲ, ಇನ್ನ ನಾಯಿ ಹೆಂಗ ಮಲಗಬೇಕು ಹೇಳ್ರಿ. ನಮ್ಮನ್ಯಾಗ ಹೊಲಿಗಿ ಮಶಿನ್ ಇಲ್ಲ, ಹಿಂಗಾಗಿ ಹೊಲಿಯೋ ಕೆಲಸಾನೇ ಇಲ್ದ ಈ ಮೂರೂ ನಮ್ಮ ಮೋತಿಗಿ ಹಾಕಿ ನೋಡೀನಿ.

ಫ್ಲೀಸ್ ಅಂದ್ರ ಪಾಲಿಯೆಸ್ಟರ್ ನೂಲಿಂದ ಹೆಣದಿದ್ದ ಬಟ್ಟಿ, ನೇಯ್ದಿದ್ದಲ್ಲ, ಅದಕ್ಕ ಕತ್ತರಿ ಹಾಕಿದ್ರೂ ಅಂಚು ಬಿಚ್ಚಲ್ಲ. ಒಂದೇ ಅಳತಿ ಎರಡು ತುಂಡು ಒಂದರ ಮ್ಯಾಲ ಒಂದು ಹಾಕಿ, ನಾಕೂ ಮೂಲಿಯಿಂದ 4 ಇಂಚಿನ ಚೌಕ ತೆಗೀಬೇಕು, ಆಮ್ಯಾಲ ಸುತ್ತಲೂ 4 ಇಂಚು ಉದ್ದ 1 ಇಂಚು ಅಗಲ ಪಟ್ಟಿ ಕತ್ತರಸಿ ಮ್ಯಾಲಿಂದು ಕೆಳಗಿಂದು ಕೂಡಿಸಿ ಎರಡೆರಡು ಗಂಟು ಹಾಕ್ಕೊಂತ ಹೋಗೋದು, ಮೂರು ಕಡಿ ಮುಗದ ಮ್ಯಾಲ ಒಳಗ ದಿಂಬು ಇಲ್ಲಾ ಫೈಬರ್ (ದಿಂಬಿನಾಗ ತುಂಬೋ ಪಾಲಿಯೆಸ್ಟರ್ ಹತ್ತಿ) ತುಂಬಿ ನಾಕನೇದು ಮುಚ್ಚೋದು. ಭಾಳ ಜಗ್ಗಿ ಕಟ್ಟಿದ್ರ ಅಂಚು ಸುಕ್ಕು ಬಿದ್ದು ಹಾಸಿಗಿ ಬಟ್ಟಲ ಆಗ್ತದ, ಕೈ ಹಗುರ ಇರ್ಲಿ.

ಕುಣಿಕಿದೂ ಇದೇ ಕತ್ತರಿ ಕೆಲಸ, ಆದ್ರ ಗಂಟಿನ ಬದ್ಲಿ ಪಟ್ಟಿ ಬುಡಕ್ಕ ಅರ್ಧ ಇಂಚಿನಕಿಂತ ಸಣ್ಣ ಸೀಳು ಕೊಟ್ಟು ಎರಡೂ ಪದರದ ತುದಿ ಅದರಾಗ ತೂರಿಸಿ ಜಗ್ಗಬೇಕು. ಅಂಚು ಸಪಾಟ ಬರ್ತದ, ನೋಡ್ಲಿಕ್ಕ ಚಂದ. ಮೋತಿ ಗಂಟು ಸಿಕ್ರ ಬಿಡಲ್ಲ, ಒಂದೊಂದೇ ಹಲ್ಲಾಗ ಹಿಡದು ಜಗ್ತಾನ, ಕುಣಿಕಿದರಾಗ ಆ ಚಟ ಅರ್ಧಕ್ಕರ್ಧ ಕಮ್ಮಿ ಆತು. ಹಲ್ಲು ಬದ್ಲಾಗೋ ವಯಸ್ಸಿನ ಕುನ್ನಿ, ಅಂದ್ರ 6-7 ತಿಂಗಳತನಕ, ಇದ್ರ ಕುಣಿಕಿದೇ ಮಾಡ್ರಿ, ಯಾಕಂದ್ರ ಗಂಟು ಬಿಚ್ಚಿ ಒಳಗಿನ ಫೈಬರ್ ನುಂಗಿದ್ರ ಕರುಳಿಗಿ ಅಡ್ಡ ಆಗ್ತದ, ಅದು ಆಪರೇಷನ್‌ತನಕ ಹೋಗೋ ಮಾತು.

ಆದ್ರ ತೊಳೀಲಿಕ್ಕ ಗಂಟಿಂದೇ ಛಲೋ. ಬಿಡಿ ಫೈಬರ್ ತುಂಬಿದ್ರ ತೊಳದಾಗ ಉಂಡಿ ಕಟ್ತದ, ಹಳೇ ಅರಿವಿ ತುಂಬಿದ್ರ ಎಲ್ಲಾ ಒಂದ್ ಮೂಲಿಗಿ ಸರೀತಾವ, ಅದಕ್ಕ ನಾ ಒಂದು ಇಡೀ ದಿಂಬೇ ಒಳಗ ಇಡ್ತೀನಿ, ಒಂದು ಕಡಿ ಗಂಟು ಬಿಚ್ಚಿ ದಿಂಬು ತೆಗೆದು ಫ್ಲೀಸ್ ಅಷ್ಟೇ ತಣ್ಣೀರಾಗ ತೊಳದ್ರ ಬೆಳಿಗ್ಗಿ ಹಾಕಿದ್ದು ಮಧ್ಯಾಹ್ನಕ್ಕ ಒಣಗ್ತದ. ಸಾಫ್ಟನರ್ ಬ್ಯಾಡ, ಇಸ್ತ್ರಿ ಅಂತೂ ಬ್ಯಾಡೇ ಬ್ಯಾಡ, ಕರಗ್ತದ. ಕೂದಲ ಹಿಡಿಯೋದೊಂದೇ ಬ್ಯಾಸರ.

ಇನ್ನ ಅವ್ವ ಹೊಲದ ಹಳೇ ಕೌದಿ, ನಾಕು ಮಡಿಕಿ ಹಾಕಿ ಹಾಸಿದ್ರ ಮುಗೀತು, ರೊಕ್ಕಾನೂ ಇಲ್ಲ. ವಜ್ಜಾ ಭಾಳ, ತೋಯಿದ್ರ ಎರಡು ದಿನ ಒಣಗಲ್ಲ, ಪದರ ಪದರದಾಗ ಉಣ್ಣಿ ಅಡಗ್ತಾವ. ಆದ್ರ ಹತ್ತಿ ಬಟ್ಟಿ ನೋಡ್ರಿ, ಕುದಿಯೋ ನೀರಾಗ ಅದ್ದಬಹುದು, ಫ್ಲೀಸಿಗಿ ಹಂಗ ಮಾಡ್ಲಿಕ್ಕ ಬರಲ್ಲ.

ನನ್ನ ಪ್ರಕಾರ ಚಳಿಗಾಲಕ್ಕ ದೊಡ್ಡ ನಾಯಿಗಿ ಗಂಟಿನ ಫ್ಲೀಸೇ ಬೇಕು. ಏಪ್ರಿಲ್ ಮೇದಾಗ 40 ಡಿಗ್ರಿ ದಾಟಿದ ಮ್ಯಾಲ ಅದನ್ನ ತೊಳದು ಎತ್ತಿಟ್ಟು ಬಿಡ್ರಿ, ಅವಾಗ ಒಂದು ಪದರ ಕೌದಿ ಸಾಕು, ಇಲ್ಲಾಂದ್ರ ಬರೀ ಫರಸಿ.