ಗಾಡಿ ಮೇಲೆ ಬರುವ ‘ಜವಾರಿ’ ಮರಿ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ನಮ್ಮದು ಸವಣೂರು ತಾಲೂಕಿನ ಒಂದು ಸಣ್ಣ ಹಳ್ಳಿ. ಎರಡೂವರೆ ಎಕರೆ ಹೊಲ, ಹೊಲದಲ್ಲೇ ಮನೆ. ಹೋದ ಬೇಸಿಗೆಯವರೆಗೆ ನಮ್ಮ ಹಿತ್ತಲಲ್ಲಿ 34 ಜವಾರಿ ಕೋಳಿ ಇದ್ದವು. ನಮ್ಮತ್ತಿ ಇಪ್ಪತ್ತು ವರ್ಷದಿಂದ ಅದೇ ಪೀಳಿಗೆಯನ್ನು ಕಾವಿಗೆ ಕೂಡಿಸಿ ಉಳಿಸಿಕೊಂಡು ಬಂದಿದ್ದರು. ತಿಪ್ಪೆ ಕೆದರಿ, ಗೆದ್ದಲು ಹೆಕ್ಕಿ, ಸಂಜೆ ಒಂದು ಹಿಡಿ ಜೋಳದ ನುಚ್ಚು ತಿಂದು ಬದುಕುವ ಕೋಳಿಗಳು. ಈಗ ಅವುಗಳಲ್ಲಿ ಉಳಿದಿರುವುದು ಐದು.

ಉಗಾದಿಗೆ ಇನ್ನೂ ತಿಂಗಳಿತ್ತು. ಜಾತ್ರೆ ಸಾಲು ಶುರುವಾದರೆ ಜವಾರಿ ಕೋಳಿಗೆ ಒಳ್ಳೆ ರೇಟು ಬರುತ್ತದೆ ಎಂದು ನನಗೆ ಆಸೆ. ಊರಿಗೆ ಒಂದು ಸಣ್ಣ ಗಾಡಿ ಬಂತು. ಪಂಜರದ ತುಂಬ ಬಣ್ಣಬಣ್ಣದ ಮರಿ, ಒಂದಕ್ಕೆ 60 ರೂಪಾಯಿ. “ಅಕ್ಕಾರ, ಇವು ಅಸಲ್ ಜವಾರಿ. ಲಸಿಕಿ ಎಲ್ಲಾ ಹಾಕೇವ್ರಿ, ಚಿಂತಿ ಬ್ಯಾಡ” ಎಂದ ಮಾರುವವ. 50 ಮರಿ ತೊಗೊಂಡೆ, 3,000 ರೂಪಾಯಿ ಕೊಟ್ಟೆ. ಚೀಟಿ ಇಲ್ಲ, ಎಲ್ಲಿಯ ಮರಿ ಎಂಬ ಮಾತಿಲ್ಲ.

ಆಗ ನನಗೆ ಹೊಳೆಯದ ಒಂದು ಪ್ರಶ್ನೆಯನ್ನು ನೀವಾದರೂ ಕೇಳಿ. ಒಂದು ಹೇಂಟೆ 21 ದಿನ ಕಾವಿಗೆ ಕೂತರೆ ಏಳುವುದು ಹತ್ತು–ಹನ್ನೆರಡು ಮರಿ. ವರ್ಷವಿಡೀ ಅದು ಇಡುವುದೇ 50–60 ತತ್ತಿ. ಹಾಗಿರುವಾಗ ಒಂದೇ ವಯಸ್ಸಿನ ನೂರಾರು ಮರಿ ಒಂದೇ ಗಾಡಿಯಲ್ಲಿ ಹೇಗೆ ಬಂದವು? ಮಷೀನಿನಲ್ಲಿ ಎಬ್ಬಿಸಿದ್ದೇ ಇರಬೇಕು. ಅದೇನು ತಪ್ಪಲ್ಲ. ಆದರೆ ಯಾರ ಹ್ಯಾಚರಿ, ತಾಯಿಕೋಳಿ ಯಾವ ತಳಿ, ಲಸಿಕೆ ಯಾವತ್ತು ಹಾಕಿದ್ದು, ಇದಕ್ಕೆ ಮಾರುವವನ ಹತ್ತಿರ ಉತ್ತರ ಇರಬೇಕು.

“ಹೊಸಾವು ನಾಕ್ ದಿನ ಬ್ಯಾರೆ ಇರ್ಲಿ ಬಿಡವ್ವಾ” ಎಂದರು ಅತ್ತಿ. ಬೇರೆ ಗೂಡು ಎಲ್ಲಿಂದ ತರಲಿ ಎಂದು ನಾನು ಅವತ್ತೇ ಸಂಜೆ ಎಲ್ಲವನ್ನೂ ಒಂದೇ ಗೂಡಿಗೆ ಬಿಟ್ಟೆ.

ಮೂರನೇ ದಿನ ಆರೇಳು ಮರಿ ರೆಕ್ಕೆ ಜೋಲು ಬಿಟ್ಟು ತೂಕಡಿಸತೊಡಗಿದವು. ಹಸಿರು ನೀರಿನಂಥ ಹಿಕ್ಕೆ. ಬಿಸಿಲಿಗೆ ಹೀಗಾಗಿದೆ ಅಂದುಕೊಂಡೆ. ಬೆಳ್ಳುಳ್ಳಿ, ಅರಿಶಿಣ ಅರೆದು ಕುಡಿಸಿದ್ದಾಯಿತು, ಔಷಧ ಅಂಗಡಿಯವರು ಕೊಟ್ಟ ಪುಡಿ ನೀರಿಗೆ ಹಾಕಿದ್ದಾಯಿತು. ಒಂಬತ್ತನೇ ದಿನ ಹಳೆಯ ಕೋಳಿಗಳು ಬಾಯಿ ತೆರೆದು ಉಸಿರೆಳೆಯತೊಡಗಿದವು. ಒಂದು ಹುಂಜದ ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡು, ಕಾಳು ಹೆಕ್ಕಲು ಹೋದರೆ ನೆಲಕ್ಕೆ ಕೊಕ್ಕು ಮುಟ್ಟುತ್ತಿರಲಿಲ್ಲ. ಬುಟ್ಟಿಯಲ್ಲಿ ಕಾವಿಗೆ ಕೂತಿದ್ದ ಕರಿ ಹೇಂಟೆ ತತ್ತಿಗಳ ಮೇಲೇ ಸತ್ತಿತ್ತು. ಅತ್ತಿ ಅವತ್ತು ಊಟ ಮಾಡಲಿಲ್ಲ.

ದನದ ದವಾಖಾನೆಯ ಡಾಕ್ಟರು ನೋಡಿದ ಕೂಡಲೇ ಹೇಳಿದರು, ಕೊಕ್ಕರೆ ರೋಗ. ರಾಣಿಖೇತ್ ಎನ್ನುವುದೂ ಇದನ್ನೇ. ವೈರಸ್ಸಿನಿಂದ ಬರುವ ರೋಗ, ಬಂದ ಮೇಲೆ ಇದಕ್ಕೆ ಔಷಧವಿಲ್ಲ. ನಾನು ಹಾಕಿದ ಪುಡಿ ಬ್ಯಾಕ್ಟೀರಿಯಾಕ್ಕೆ, ಇದಕ್ಕಲ್ಲ. ಸೋಂಕು ತಗಲಿದ ಮೇಲೆ ಲಕ್ಷಣ ಕಾಣಲು 2ರಿಂದ 15 ದಿನ ಹಿಡಿಯಬಹುದಂತೆ. ಅಂದರೆ ಗಾಡಿಯಲ್ಲಿ ಚುರುಕಾಗಿ ಓಡಾಡುತ್ತಿದ್ದ ಮರಿಯ ಮೈಯಲ್ಲೂ ರೋಗ ಇರಬಹುದು.

ಹೇಳಲು ಕಷ್ಟವಾಗುವ ಮಾತು ಇನ್ನೊಂದಿದೆ. ಡಾಕ್ಟರು ಬರುವ ಹಿಂದಿನ ದಿನ ಒಬ್ಬ ವ್ಯಾಪಾರಿ ಬಂದು “ಇದ್ದಂಗ ಕೊಡ್ರಿ, ಅರ್ಧ ರೇಟ್ ಕೊಡ್ತೀನಿ” ಎಂದಾಗ ನಮ್ಮ ಮನೆಯವರು ತೂಕಡಿಸುತ್ತಿದ್ದ ನಾಲ್ಕು ಕೋಳಿ ಮಾರಿಬಿಟ್ಟರು. ಅವು ಯಾವ ಊರಿಗೆ ಹೋದವೋ, ಯಾರ ಗೂಡಿಗೆ ಹೊಕ್ಕವೋ. ಪಕ್ಕದ ಹೊಲದವರ ಹದಿನೆಂಟು ಕೋಳಿ ಹೋದದ್ದಂತೂ ನಮ್ಮಿಂದಲೇ. ಮೊದಲ ದಿನವೇ ಅವರಿಗೆ ಹೇಳಿದ್ದರೆ ಅವರು ತಮ್ಮ ಕೋಳಿ ಕಟ್ಟಿಹಾಕುತ್ತಿದ್ದರು. ದಯವಿಟ್ಟು ರೋಗದ ಕೋಳಿ ಮಾರಬೇಡಿ, ಸತ್ತದ್ದನ್ನು ಹಳ್ಳಕ್ಕೆ ಎಸೆಯಬೇಡಿ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ. ಅಕ್ಕಪಕ್ಕದವರಿಗೆ ಅವತ್ತೇ ತಿಳಿಸಿ.

50 ಮರಿಗಳಲ್ಲಿ ಬದುಕಿದ್ದು ನಾಲ್ಕು. ನಾಲ್ಕೂ ಹುಂಜಗಳೇ ಆದವು. ತತ್ತಿ ತಳಿಯ ಹ್ಯಾಚರಿಗಳಲ್ಲಿ ಗಂಡು ಮರಿ ಬೇಡವಾಗಿರುತ್ತವೆ, ಅವನ್ನೇ ಅಗ್ಗಕ್ಕೆ ಕೊಂಡು ಜವಾರಿ ಎಂದು ಮಾರುವುದುಂಟು ಎಂದರು ಡಾಕ್ಟರು. ಗಿರಿರಾಜ, ಸ್ವರ್ಣಧಾರಾ ಸಾಕುವವರು ತಳಿಯ ಹೆಸರು ಹೇಳಿಯೇ ಕೊಳ್ಳುತ್ತಾರೆ, ಅದರಲ್ಲಿ ಮೋಸವಿಲ್ಲ. ಜವಾರಿ ಎಂಬ ಒಂದು ಮಾತಿಗೇ ದುಡ್ಡು ಕೊಡುವ ನಮ್ಮಂಥವರಿಗೇ ಇದು ಆಗುವುದು.

ಕೊಕ್ಕರೆ ರೋಗ ಬರದಂತೆ ತಡೆಯಲು ಲಸಿಕೆ ಇದೆ, ದುಬಾರಿಯೂ ಅಲ್ಲ. ಮರಿಗೆ ಐದಾರು ದಿನವಾದಾಗ ಲಸೋಟಾ ಅಥವಾ ಎಫ್ ಸ್ಟ್ರೇನ್ ಎಂಬ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. 28ನೇ ದಿನದ ಹೊತ್ತಿಗೆ ಮತ್ತೆ ಲಸೋಟಾ. ಎಂಟು ವಾರಕ್ಕೆ ಆರ್2ಬಿ ಇಂಜೆಕ್ಷನ್. ಜಗ್ಗಿ ಮಂದಿ ಹಾಕಿಸದಿರಲು ಕಾರಣ, ಒಂದು ಸೀಸೆಯಲ್ಲಿ ನೂರು, ಇನ್ನೂರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಹತ್ತು ಕೋಳಿಗೆ ಯಾರು ತರುತ್ತಾರೆ? ನಾವೀಗ ಏಳು ಮನೆಯವರು ಕೂಡಿ ಒಂದೇ ಸೀಸೆ ತರಿಸುತ್ತೇವೆ. ಥರ್ಮಾಸಿನಲ್ಲಿ ಐಸ್ ತುಂಬಿ ತಂದು, ಬಿಸಿಲು ಏರುವ ಮುಂಚೆ ಮನೆಮನೆ ತಿರುಗಿ ಹಾಕುತ್ತೇವೆ. ಮಂಕಾದ ಕೋಳಿಗೆ ಮಾತ್ರ ಹಾಕುವುದಿಲ್ಲ, ಲಸಿಕೆ ಆರೋಗ್ಯವಾಗಿರುವುದಕ್ಕೆ.

ಹೋದ ವಾರ ಅತ್ತಿಯ ತವರಿನಿಂದ ಮೂರು ಹೇಂಟೆ ಬಂದಿವೆ. ಮನೆಯ ಆ ಕಡೆ ಹಳೇ ಹೊಟ್ಟಿನ ಕೋಣೆಯಲ್ಲಿಟ್ಟಿದ್ದೇವೆ. ಅವಕ್ಕೆ ಬೇರೆ ನೀರಿನ ಬಟ್ಟಲು, ಬೇರೆ ಕಸಬರಿಗೆ. ನಮ್ಮ ಐದಕ್ಕೆ ಕಾಳು ಹಾಕಿದ ಮೇಲೆಯೇ ಅವುಗಳ ಹತ್ತಿರ ಹೋಗುವುದು, ಬಂದು ಕೈಕಾಲು ತೊಳೆಯುವುದು. 21 ದಿನ ಬೇರೆ ಇಡಬೇಕು ಎಂದು ಗೋಡೆಯ ಮೇಲೆ ಅತ್ತಿ ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಾರೆ. ಇವತ್ತಿಗೆ ಒಂಬತ್ತು ಗೆರೆ ಆಗಿವೆ.