ರೈಟ್ ಸಹೋದರರ ಗಾಜಿನ ನೆಗೆಟಿವ್‌ಗಳು: ಲೈಬ್ರರಿ ಆಫ್ ಕಾಂಗ್ರೆಸ್‌ನ ಉಚಿತ ಸೇವೆ

ರೈಟ್ ಸಹೋದರರ 303 ಗಾಜಿನ ನೆಗೆಟಿವ್‌ಗಳನ್ನು (ಫಿಲ್ಮಿನ ಬದಲು ಗಾಜಿನ ಪ್ಲೇಟಿನ ಮೇಲೆ ತೆಗೆದ ಮೂಲ ಚಿತ್ರಗಳು) ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸ್ಕ್ಯಾನ್ ಮಾಡಿ ತನ್ನ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಶುಲ್ಕವಿಲ್ಲ. ವಿಮಾನದ ಆರಂಭದ ದಿನಗಳನ್ನು ಅದನ್ನು ಕಟ್ಟಿದವರ ಕ್ಯಾಮೆರಾದಿಂದಲೇ ನೋಡಬಯಸುವವರಿಗೆ ಇದಕ್ಕಿಂತ ಒಳ್ಳೆಯ ಸಂಗ್ರಹವನ್ನು ನಾನು ಕಂಡಿಲ್ಲ.

ಚಿಕ್ಕ ಪ್ರತಿಯನ್ನು ನೋಡಿ ಅಷ್ಟಕ್ಕೇ ನಿಲ್ಲಬಾರದು. ದೊಡ್ಡ ಟಿಫ್ ಫೈಲನ್ನೇ (ವಿವರ ಕಳೆಯದೆ ಉಳಿಸಿದ ಪೂರ್ಣ ಚಿತ್ರ) ಇಳಿಸಿಕೊಳ್ಳಬೇಕು. 1903ರ ಡಿಸೆಂಬರ್ 17ರ ಬೆಳಿಗ್ಗೆ ಅಮೆರಿಕದ ನಾರ್ತ್ ಕೆರೊಲಿನಾದ ಕಿಲ್ ಡೆವಿಲ್ ಹಿಲ್ಸ್‌ನಲ್ಲಿ ತೆಗೆದ, ಮೊದಲ ವಿಮಾನ ಹಾರಾಟದ ಆ ಪ್ರಸಿದ್ಧ ಚಿತ್ರವನ್ನು ಹಿಗ್ಗಿಸುತ್ತ ಹೋದಂತೆ ಕೆಳರೆಕ್ಕೆಯ ಮೇಲೆ ಬೋರಲು ಮಲಗಿದ ಆರ್ವಿಲ್, ಆಗಷ್ಟೇ ರೆಕ್ಕೆಯನ್ನು ಬಿಟ್ಟ ವಿಲ್ಬರ್, ವಿಮಾನ ಓಡಿ ಬಂದ ಹಳಿ, ರೆಕ್ಕೆಗೆ ಆಸರೆಯಾಗಿದ್ದ ಪುಟ್ಟ ಬೆಂಚು, ಪಕ್ಕದಲ್ಲೊಂದು ಸಲಿಕೆ, ಮರಳಿನಲ್ಲಿ ಮೂಡಿದ ಹೆಜ್ಜೆಗಳು ಒಂದೊಂದಾಗಿ ಕಾಣುತ್ತವೆ. ಹಾರಾಟ ನಡೆದದ್ದು 12 ಸೆಕೆಂಡು, ಸಾಗಿದ್ದು 120 ಅಡಿ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ವಿಮಾನ ಎಲ್ಲಿ ಮೇಲೇಳಬಹುದೆಂದು ಅಂದಾಜಿಸಿ ಅಲ್ಲಿಗೆ ಗುರಿಯಿಟ್ಟವನು ಆರ್ವಿಲ್. ಶಟರಿನ ರಬ್ಬರ್ ಬಲ್ಬನ್ನು ಒತ್ತಿದವನು ಸಮೀಪದ ಜೀವರಕ್ಷಕ ಠಾಣೆಯ ಜಾನ್ ಡೇನಿಯಲ್ಸ್. ತಮ್ಮ ಊರಾದ ಡೇಟನ್‌ಗೆ ಹಿಂತಿರುಗಿ ಪ್ಲೇಟನ್ನು ರಾಸಾಯನಿಕದಲ್ಲಿ ತೊಳೆದು ಚಿತ್ರ ಮೂಡಿಸುವವರೆಗೂ ಅದರಲ್ಲಿ ಏನು ಮೂಡಿದೆಯೆಂದು ಸಹೋದರರಿಗೇ ಗೊತ್ತಿರಲಿಲ್ಲ ಎಂಬುದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

1913ರ ಡೇಟನ್ ಪ್ರವಾಹದಲ್ಲಿ ಈ ಪ್ಲೇಟುಗಳು ನೀರಿನಲ್ಲಿ ಮುಳುಗಿದ್ದವು. ಕೆಲವುಗಳ ಮೇಲಿನ ಚಿತ್ರ ಮೂಡಿದ ಲೇಪ ಸುಲಿದುಹೋಗಿದೆ. ಮೊದಲ ಹಾರಾಟದ ಪ್ಲೇಟಿನಲ್ಲೂ ಒಂದು ಮೂಲೆ ಹಾಳಾಗಿದೆ. ಸ್ಕ್ಯಾನ್ ಮಾಡಿದವರು ಈ ಗಾಯಗಳನ್ನು ಮರೆಮಾಚದೆ ಹಾಗೆಯೇ ಉಳಿಸಿರುವುದನ್ನು ನಾನು ಬಹಳ ಮೆಚ್ಚಿದೆ.

ಪ್ರಿಂಟ್ ಹಾಕಿಸುವಾಗ ಮಾತ್ರ ಎಚ್ಚರ ಬೇಕು. ಮೂಲ ಪ್ಲೇಟಿನ ಅಳತೆ 5×7 ಅಂಗುಲ. ನಾನು ಫೈಲ್ ಕೊಟ್ಟ ಸ್ಟುಡಿಯೊದವರು ಅದನ್ನು 12×18ರ ಕಾಗದಕ್ಕೆ ಹೊಂದಿಸಲು ಮೇಲೂ ಕೆಳಗೂ ಕತ್ತರಿಸಿದ್ದಲ್ಲದೆ, ಹಾಳಾದ ಮೂಲೆಯನ್ನೂ ಕಂಪ್ಯೂಟರಿನಲ್ಲಿ ತಿದ್ದಿ ನುಣುಪು ಮಾಡಿಬಿಟ್ಟಿದ್ದರು. ಪ್ರವಾಹದ ಗುರುತೇ ಅಳಿದುಹೋಗಿತ್ತು. ಎರಡನೆಯ ಸಲ 10×14 ಅಳತೆಯನ್ನು ಬರೆದುಕೊಟ್ಟು, ಕತ್ತರಿಸಬಾರದು, ತಿದ್ದಬಾರದು ಎಂದು ಬಿಡಿಸಿ ಹೇಳಿ, ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ಹಾಕಿಸಿಕೊಂಡೆ. ಈ ಬಾರಿ ಮೂಲೆಯ ಕಲೆ ಸಮೇತ ಚಿತ್ರ ಸರಿಯಾಗಿ ಬಂದಿದೆ. ಮುಂದಿನ ಪ್ರಿಂಟಿಗೆ 1902ರ ಅಕ್ಟೋಬರ್‌ನ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಚಿತ್ರಗಳಲ್ಲೊಂದನ್ನು ಆರಿಸಿಟ್ಟಿದ್ದೇನೆ.